ಖಣಿ ಪಾಲು

ಮೂವತ್ತೊಂದು ವರ್ಷದ ಸಾಮಾನು
ಒಂದು ಸಿಮೆಂಟ್ ಚೀಲದಾಗ ಹಿಡೀತು.
ಹನ್ನೆರಡು ಕೋನು, ಅದರಾಗ ಮೂರು ಸೀಳಿದ್ದು,
ಹವಾ ಹೊಡಿಯೊ ಪಂಪು,
ಅದರ ಸೂಜಿ ಬ್ಯಾರೆ, ಹಳೀ ಲಾಟರಿ ಚೀಟಿಯೊಳಗ ಸುತ್ತಿಟ್ಟಿದ್ದು,
ಯಾರದೋ ಎಡಗಾಲಿನ ಬೂಟು.
"ಎಣಿಸಿಕೊ ಚಂದಮ್ಮ" ಅಂದ್ರು ಜಿಲಾನಿ ಉಸ್ತಾದರು,
"ನಾಳಿಗಿ ಕಮ್ಮಿ ಬಿದ್ದರ ನನ್ನ ಹೆಸರು ಬರಬಾರದು."

ಎಣಿಸಿದೆ. ಎಲ್ಲಾ ಇತ್ತು, ಸೀಟಿ ಇದ್ದಿಲ್ಲ.
ಅದು ಅವರ ಕೊರಳಾಗ ಇತ್ತು, ಬೂಟಿನ ದಾರಕ್ಕ ಕಟ್ಟಿದ್ದು,
ತುಟಿ ಹಚ್ಚೊ ಕಡೆ ಬೆಳ್ಳಿಬಣ್ಣ ಹೋಗಿ
ಹಿತ್ತಾಳಿ ಕಾಣತಿತ್ತು.
ನಾ ನೋಡಿದ್ದು ಅವರು ನೋಡಿದ್ರು.
"ಇದು ಎಂಜಲಾಗ್ಯದ. ನಿಂದು ನೀ ಕೊಂಡುಕೊ."

ಹಿಂದಿನ ದಿನ ಸನ್ಮಾನ ಆಗಿತ್ತು.
ಶಾಲು, ಹಾರ, ಥರ್ಮಾಕೋಲಿನ ಮ್ಯಾಲ ತಪ್ಪು ಕಾಗುಣಿತದ ಹೆಸರು.
ತುಂಬಲಾರದ ನಷ್ಟ ಅಂದ್ರು ಅಧ್ಯಕ್ಷರು.
ಉಸ್ತಾದರು ಎದ್ದು, ಮೈಕಿಗಿ ಬಾಯಿ ಹಚ್ಚಿ
"ಇನ್ನಾ ಇದ್ದೀನ್ರಿ" ಅಂದು, ಕುಂತ್ರು.
ಅಷ್ಟೇ ಅವರ ಭಾಷಣ.

ಶಹಾಬಾದಿನ ಈ ಮೈದಾನಕ್ಕ ಹುಲ್ಲಿಲ್ಲ.
ಬಿದ್ದರ ಮೊಣಕಾಲು, ಎದ್ದರ ಧೂಳು.
ಮೂಡಣಕ್ಕ ಖಣಿ,
ಖಟಕ ರೊಟ್ಟಿ ಪೇರಿಸಿಟ್ಟಂಗ ಕಲ್ಲಿನ ಪದರು,
ಕೆಳಗ ಹಸರು ನೀರು.
ಬಾರಿನ ಮ್ಯಾಲ ಹೋದ ಚೆಂಡು ಅದರ ಪಾಲು.
ಅದಕ್ಕೂ ಒಂದು ರಜಿಸ್ಟರ್ ಇಟ್ಟಿದ್ರು ಉಸ್ತಾದರು:
ತಾರೀಖು, ಹೊಡೆದವರ ಹೆಸರು, ಷರಾ.
"ಮೌಲಾಲಿ. ಸಿಟ್ಟಿಲೆ."
"ಡೇವಿಡಪ್ಪ. ಗಾಳಿ ಇತ್ತು, ತಪ್ಪಲ್ಲ."
"ಈರಮ್ಮ. ಚಂದ ಹೊಡದಳು."
ಒಟ್ಟು ನಾನೂರಾ ಹದಿನೇಳು.
ಗೆದ್ದ ಮ್ಯಾಚಿನ ಲೆಕ್ಕ ಕೇಳಿದರ
ಅವರಿಗಿ ನೆಪ್ಪಿಲ್ಲ.

ನಾ ಹನ್ನೊಂದು ವರ್ಷದಾಕಿ ಆಗ.
ಅವ್ವ ಫರಸಿ ಪಾಲಿಶ್ ಮಾಡೊ ಕಡೆ ಕೂಲಿ,
ನಾ ಕಲ್ಲಿನ ಪುಡಿ ಬಕೀಟಿನಾಗ ತಂದು ಹಾಕಾಕಿ,
ಸುಣ್ಣಕ್ಕ ರೊಕ್ಕ ಇರದ ಮೈದಾನಕ್ಕ ಅದೇ ಗೆರಿ.
ಒಂದಿನ ಅವರ ಕೈ ನೋಯತಿತ್ತು, ನಾನೇ ಎಳದೆ.
ಈ ಮೂಲಿಯಿಂದ ಆ ಮೂಲಿತನ, ಹಗ್ಗ ಹಿಡಿಲಾರದೆ.
ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ್ರು.
"ಇಷ್ಟು ಸೀದಾ ಗೆರಿ ಎಳಿಯಾಕಿ
ಪಾಸು ಸೊಟ್ಟ ಕೊಡ್ತಾಳೇನು?"
ಕೊಟ್ಟೆ, ಭಾಳ ಸಲ ಸೊಟ್ಟ ಕೊಟ್ಟೆ.
ಬೈದ್ರು. ಗೆರಿ ಎಳಿಯೋದು ಮಾತ್ರ
ಮತ್ತ ಯಾರ ಕೈಗೂ ಕೊಡಲಿಲ್ಲ.

"ಚೆಂಡು ನೋಡಬ್ಯಾಡ್ರಿ" ಅಂತಿದ್ರು ದಿನಾ,
"ಚೆಂಡಿಗಿ ಎಲ್ಲರೂ ನೋಡ್ತಾರ.
ಯಾರೂ ಇಲ್ಲದ ಜಾಗ ಎಲ್ಲದ, ಅದನ್ನ ನೋಡ್ರಿ."

ಸ್ಟೇಷನ್ ರೋಡಿನಾಗ ನಾಕ್ವತ್ತು ರೂಪಾಯಿ,
ಕೆಂಪು ಪ್ಲಾಸ್ಟಿಕ್ಕಿನ ಸೀಟಿ.
ಸೋಮವಾರ ಮುಂಜಾನಿ, ಕತ್ತಲು ಪೂರಾ ಹರಿದಿದ್ದಿಲ್ಲ,
ಊದಿದೆ.
ಹಾಲಿನವ ಸೈಕಲ್ ನಿಲ್ಲಿಸಿ ತಿರುಗಿ ನೋಡಿದ,
ಬಸಲಿಂಗ ನಕ್ಕ,
ಹುಡುಗರು ಅರ್ಧ ಓಡಿದರು, ಅರ್ಧ ನಿಂತರು.
ನನ್ನ ಬಾಯಾಗ ಹೊಸಾ ಬಕೀಟಿನ ರುಚಿ.

ಸಾಬಣ್ಣ ಹೊಡದದ್ದು ಬಾರಿನ ಮ್ಯಾಲಿಂದ ಹೋಯ್ತು.
ಸದ್ದು ಕೇಳಲು ಎಲ್ಲರೂ ಕಿವಿ ಕೊಟ್ಟೆವು,
ಬುಳ್ ಅನ್ನಬೇಕು, ಅನ್ನಲಿಲ್ಲ.
ಖಣಿಯ ಅಂಚಿಗಿ ಒಬ್ಬರು ನಿಂತಿದ್ರು,
ಫಜರಿನ ಟೋಪಿ ಇನ್ನಾ ತಲಿ ಮ್ಯಾಲ,
ಪೈಜಾಮ ಮೊಣಕಾಲಿಗಿ ಏರಿಸಿ,
ಉದ್ದನ ಬಿದಿರಿಗಿ ಮೀನಿನ ಬಲಿ ಕಟ್ಟಿಕೊಂಡು.
ಬರೋದಿಲ್ಲ ಅಂದಿದ್ರು. ಆಣಿ ಮಾಡಿದ್ರು.

ಬಲಿಯೊಳಗಿನ ಚೆಂಡು ಒಳಗ ಒಗದ್ರು,
ಒಗದವರು ಸುಮ್ಮನಿರಲಿಲ್ಲ:
"ಸಾಬಣ್ಣ, ಮೈ ಹಿಂದಕ್ಕ ಬೀಳಲತ್ತದ, ಎದಿ ಮುಂದ—"
ಒಂದು ಹೆಜ್ಜಿ ಗೆರಿ ದಾಟಿ ಬಂದಿದ್ರು.
ನಾ ಊದಿದೆ.
ಈ ಸಲ ಹೆಂಗ ಅಷ್ಟು ಜೋರು ಬಂತೋ.

ನಿಂತ್ರು.
ಕೈ ಕೊರಳಿಗಿ ಹೋಯ್ತು, ಬರೀ ಕೊರಳು,
ದಾರ ಇದ್ದ ಕಡೆ ಬೆಳ್ಳನ್ನ ಗೀಟು.
ಕಾಲು ನೋಡಿಕೊಂಡ್ರು, ಗೆರಿ ನೋಡಿದ್ರು,
ಹಿಂದಕ್ಕ ಸರದು ಅದರ ಆಚಿ ನಿಂತ್ರು.
ಯಾರೂ ನಗಲಿಲ್ಲ.

ಆಮ್ಯಾಲ ಬಿದಿರು ಊರಿ, ಕೂಗಿ ಅಂದ್ರು:
"ರಜಿಸ್ಟರಿನಾಗ ಹೊಸಾ ಖಾನಿ ಎಳಿ, ಚಂದಮ್ಮ.
ವಾಪಸ್ ಬಂದದ್ದು, ಒಂದು.
ಷರಾ ನೀನೇ ಬರಿ."